ಶುಕ್ರವಾರ ರಾತ್ರಿಯ ಕಸಾರಾ ಲೋಕಲ್: ಕಳಸೂಬಾಯಿ ಹತ್ತಿ, ಭಂಡಾರದರಾ ದಂಡೆಯಲ್ಲಿ ಮಲಗಿ ಬರುವುದು ಹೇಗೆ

ಮುಂಬೈಯಲ್ಲಿ ಚಾರಣದ ಮಾತು ಬಂದರೆ ಎಲ್ಲರೂ ಹೇಳುವುದು ಒಂದೇ: "ಶನಿವಾರ ಆರಾಮಾಗಿ ಹೊರಡೋಣ, ರಾತ್ರಿ ಟೆಂಟ್‌ನಲ್ಲಿ ಮಲಗಿ, ಭಾನುವಾರ ನಸುಕಿಗೆ ಬೆಟ್ಟ ಹತ್ತೋಣ." ನಾವೂ ಮೊದಲ ಸಲ ಹಾಗೇ ಮಾಡಿದೆವು. ಚಳಿಗೆ ನಿದ್ದೆ ಬರಲಿಲ್ಲ. ಬೆಳಗ್ಗೆ ಬೆಟ್ಟಕ್ಕೆ ಹೋದರೆ ಅರ್ಧ ಮುಂಬೈ, ಅರ್ಧ ನಾಶಿಕ್ ಅಲ್ಲೇ ಇತ್ತು. ಕಬ್ಬಿಣದ ಏಣಿಯ ಬುಡದಲ್ಲಿ ದಾದರ್ ಸ್ಟೇಷನ್ ಸೇತುವೆಯ ಹಾಗೆ ಜನ. ನಿಂತು ನಿಂತೇ ಬೆವರು ಆರಿ, ಮತ್ತೆ ಚಳಿ ಹತ್ತಿತು.

ಆಮೇಲೆ ಕ್ರಮ ತಿರುಗಿಸಿದೆವು. ಶುಕ್ರವಾರ ರಾತ್ರಿಯೇ ಹೊರಡುವುದು, ಶನಿವಾರ ಬೆಳಗ್ಗೆ ಬೆಟ್ಟ, ಶನಿವಾರ ರಾತ್ರಿ ಭಂಡಾರದರಾ ಅಣೆಕಟ್ಟಿನ ಹಿನ್ನೀರಿನ ದಂಡೆ, ಭಾನುವಾರ ಸುಮ್ನೆ ಮನೆಗೆ. ಇಷ್ಟು ಬದಲಾಯಿಸಿದ್ದಕ್ಕೆ ಅದೇ ಬೆಟ್ಟ, ಅದೇ ಕೆರೆ ಬೇರೆಯೇ ಅನ್ನಿಸಿತು. ಸುಸ್ತಾದ ಮೈಗೆ ಟೆಂಟ್‌ನಲ್ಲೂ ನಿದ್ದೆ ಬರುತ್ತದೆ. ನಿದ್ದೆಗೆಟ್ಟ ಮೈಗೆ ಬೆಟ್ಟ ಹತ್ತಲು ಬರುವುದಿಲ್ಲ. "ಶುಕ್ರವಾರ ರಾತ್ರಿಯೂ ನಿದ್ದೆ ಕೆಡುತ್ತದಲ್ಲ" ಅನ್ನಬೇಡಿ. ಅದಕ್ಕೆ ಲೋಕಲ್‌ನಲ್ಲೇ ಉಪಾಯ ಇದೆ, ಮುಂದೆ ಹೇಳುತ್ತೇನೆ.

ಕಳಸೂಬಾಯಿ ಮಹಾರಾಷ್ಟ್ರದ ಅತಿ ಎತ್ತರದ ಶಿಖರ, 1646 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಗಿಡ್ಡ. ಆದರೆ ಮುಳ್ಳಯ್ಯನಗಿರಿಯಲ್ಲಿ ಗಾಡಿ ತುದಿಯ ಹತ್ತಿರಕ್ಕೇ ಹೋಗುತ್ತದೆ, ಉಳಿದದ್ದು ಮೆಟ್ಟಿಲು. ಇಲ್ಲಿ ಹಾಗಿಲ್ಲ. ಬುಡದ ಬಾರಿ ಊರಿನಿಂದ ಸುಮಾರು 850 ಮೀಟರ್ ಎತ್ತರ ಕಾಲಲ್ಲೇ ಏರಬೇಕು. ಹೋಗುವಾಗ ಆರೂವರೆ ಕಿಲೋಮೀಟರ್, ಬರುವಾಗ ಅಷ್ಟೇ.

ಯಾವ ತಿಂಗಳು, ಯಾರ ಜೊತೆ

ನವೆಂಬರ್‌ನಿಂದ ಫೆಬ್ರವರಿ. ಬೇರೆ ಯೋಚನೆ ಬೇಡ. ಮಳೆಗಾಲದಲ್ಲಿ ಬೆಟ್ಟ ಹಸಿರಾಗಿ ಚೆಂದವೇ, ಆದರೆ ಬಂಡೆ ಪಾಚಿ ಕಟ್ಟುತ್ತದೆ, ಏಣಿ ಜಾರುತ್ತದೆ, ನೀರಿನ ದಂಡೆಯಲ್ಲಿ ಟೆಂಟ್ ಹಾಕುವ ಮಾತೇ ಇಲ್ಲ. ಮೇ ಕೊನೆ, ಜೂನ್ ಮೊದಲ ವಾರದಲ್ಲಿ ಭಂಡಾರದರಾದ ಕಾಡಲ್ಲಿ ಮಿಂಚುಹುಳುಗಳ ಜಾತ್ರೆ. ಹುಳುಗಳಿಗಿಂತ ಕಾರಿನ ದೀಪಗಳೇ ಜಾಸ್ತಿ. ಅದನ್ನು ನೋಡಲೇಬೇಕು ಎಂದರೆ ವಾರದ ನಡುವೆ ಹೋಗಿ. ಅದು ಬೇರೆ ಪ್ರವಾಸ, ಇದರ ಜೊತೆ ಸೇರಿಸಬೇಡಿ.

ಇಬ್ಬರೇ ಹೋಗುವುದಾದರೆ ಗೆಳೆಯನ ಆಯ್ಕೆ ಟೆಂಟ್ ಆಯ್ಕೆಗಿಂತ ಮುಖ್ಯ. ನನ್ನ ಜೊತೆ ಬರುವವನು ವಿಜಯಪುರದವನು, ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗ್‌ನ ಹಿಂದಿನ ಗಲ್ಲಿ. ನಾನು ಉಡುಪಿ ಕಡೆಯವ. ನಾನು ಬೇಗ ಬೇಗ ಹತ್ತಿ ಕೂತುಬಿಡುತ್ತೇನೆ, ಅವನು ನಿಧಾನಕ್ಕೆ, ಆದರೆ ನಿಲ್ಲದೆ ಹತ್ತುತ್ತಾನೆ. ಮೊದಲೆರಡು ಸಲ ಇದಕ್ಕೇ ಜಗಳ. ಈಗ ಒಂದು ಒಪ್ಪಂದ: ಮುಂದೆ ಅವನು, ಹಿಂದೆ ನಾನು. ನಿಧಾನದವನು ಮುಂದಿದ್ದರೆ ಯಾರೂ ಹಿಂದೆ ಬೀಳುವುದಿಲ್ಲ, ಅಲ್ವಾ? ಇನ್ನೊಂದನ್ನೂ ಮನೆಯಲ್ಲೇ ಮಾತಾಡಿಕೊಳ್ಳಿ: ಇಬ್ಬರಲ್ಲಿ ಒಬ್ಬ "ಸಾಕು, ಇಳಿಯೋಣ" ಎಂದರೆ ಇಬ್ಬರೂ ಇಳಿಯಬೇಕು. ಬೆಟ್ಟದ ಮೇಲೆ ಆ ಚರ್ಚೆ ಮಾಡುವ ಹಾಗಿಲ್ಲ.

ಗುರುವಾರ: ಶೂ ತೆಗೆದು ನೋಡಿ

ಪ್ಯಾಕಿಂಗ್‌ಗಿಂತ ಮೊದಲು ಶೂ. ನನ್ನ ಕಥೆಯೇ ಹೇಳುತ್ತೇನೆ. ಅಟ್ಟದ ಮೇಲೆ ಐದಾರು ವರ್ಷ ಡಬ್ಬಿಯಲ್ಲಿಟ್ಟಿದ್ದ ಒಳ್ಳೆಯ ಚಾರಣದ ಶೂ ಇತ್ತು. ಹೆಚ್ಚು ಹಾಕಿರಲೇ ಇಲ್ಲ, ನೋಡಲು ಹೊಸದೇ. ಎರಡನೇ ಏಣಿ ದಾಟಿದ ಮೇಲೆ ಎಡಗಾಲಿನಲ್ಲಿ ಏನೋ ಚಪ್‌ ಚಪ್ ಸದ್ದು. ಬಗ್ಗಿ ನೋಡಿದರೆ ಅಡಿ ಅಟ್ಟೆ ಮುಂದಿನಿಂದ ಬಾಯಿ ಬಿಟ್ಟಿತ್ತು. ಬೆರಳಿಟ್ಟರೆ ಒಳಗಿನ ಪದರ ಹಳೆ ಬಿಸ್ಕೆಟ್ ಹಾಗೆ ಪುಡಿಪುಡಿ. ಹತ್ತು ನಿಮಿಷಕ್ಕೆ ಬಲಗಾಲಿನದ್ದೂ ಹೋಯಿತು.

ಅದು ಶೂ ಮಾಡಿದವರ ಮೋಸವಲ್ಲ. ಇಂಥ ಶೂಗಳ ಅಟ್ಟೆಯ ಒಳಪದರ ಹೆಚ್ಚಾಗಿ ಪಾಲಿಯುರೆಥೇನ್. ಗಾಳಿಯ ತೇವ ಕುಡಿದು ಕುಡಿದು ಅದು ಒಳಗೊಳಗೇ ಒಡೆಯುತ್ತದೆ. ಹಾಕದೆ ಡಬ್ಬಿಯಲ್ಲಿಟ್ಟರೆ ಉಳಿಯುತ್ತದೆ ಎಂಬುದು ನಮ್ಮ ಭ್ರಮೆ. ಮುಂಬೈ ಹವೆಯಲ್ಲಿ ಕೇಳಬೇಕೇ. ಹಾಗಾಗಿ ಗುರುವಾರವೇ ಶೂ ತೆಗೆದು, ಅಟ್ಟೆಯನ್ನು ಎರಡೂ ಕೈಯಲ್ಲಿ ಮಡಚಿ, ಹೆಬ್ಬೆರಳಿಂದ ಒತ್ತಿ ನೋಡಿ. ಬಿರುಕು ಕಂಡರೆ, ಪುಡಿ ಉದುರಿದರೆ ಬಿಟ್ಟುಬಿಡಿ. ಅಂದು ನನ್ನನ್ನು ಕಾಪಾಡಿದ್ದು ಗೆಳೆಯನ ಬ್ಯಾಗಿನಲ್ಲಿದ್ದ ನೈಲಾನ್ ಹಗ್ಗ. ಶೂ ಮೇಲೆ ಸುತ್ತಿ ಸುತ್ತಿ ಕಟ್ಟಿ, ಮೂಟೆ ಕಟ್ಟಿದ ಕಾಲಲ್ಲಿ ಕೆಳಗಿಳಿದೆ. ಎರಡು ಮೀಟರ್ ಹಗ್ಗ, ಸ್ವಲ್ಪ ಅಗಲದ ಟೇಪು ಅಂದಿನಿಂದ ನನ್ನ ಚೀಲ ಬಿಟ್ಟಿಲ್ಲ.

ಹೊಸ ಶೂ ಕೊಂಡರೆ ಒಂದು ವಾರ ಆಫೀಸಿಗೆ ಹಾಕಿಕೊಂಡು ಓಡಾಡಿ. ಕಾಲುಗುರು ಕತ್ತರಿಸಿಕೊಳ್ಳಿ. ಇದು ಚಿಲ್ಲರೆ ಮಾತು ಅನ್ನಿಸಬಹುದು. ಇಳಿಯುವಾಗ ಬೆರಳು ಶೂ ಮುಂಭಾಗಕ್ಕೆ ಸಾವಿರಾರು ಸಲ ಗುದ್ದುತ್ತದೆ, ಉದ್ದ ಉಗುರಿದ್ದರೆ ಸೋಮವಾರ ಅದು ಕಪ್ಪಾಗಿರುತ್ತದೆ.

ಈಗ ಚೀಲ. ಚೀಲ ಎರಡು ಮಾಡಿ: ಬೆಟ್ಟಕ್ಕೆ ಸಣ್ಣದು, ರಾತ್ರಿಗೆ ದೊಡ್ಡದು. ದೊಡ್ಡದನ್ನು ಬಾರಿಯಲ್ಲಿ ತಿಂಡಿ ತಿನ್ನುವ ಮನೆಯಲ್ಲೇ ಬಿಟ್ಟು ಹತ್ತಬಹುದು. ಸಣ್ಣದರಲ್ಲಿ ಒಬ್ಬರಿಗೆ ಮೂರು ಲೀಟರ್ ನೀರು, ತಲೆಗೆ ಕಟ್ಟುವ ಟಾರ್ಚು, ಟೋಪಿ, ತೆಳು ಜಾಕೆಟ್, ಓಆರ್‌ಎಸ್ ಪೊಟ್ಟಣ ಎರಡು, ಬ್ಯಾಂಡೇಜು, ಆ ಹಗ್ಗ. ಓಆರ್‌ಎಸ್ ಮರೆತರೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಚಹಾ ಚಮಚದ ಲೆಕ್ಕ. ಅಷ್ಟೇ ಸಾಕು.

ದೊಡ್ಡ ಚೀಲದಲ್ಲಿ ಸ್ಲೀಪಿಂಗ್ ಬ್ಯಾಗು, ಕೆಳಗೆ ಹಾಸುವ ಮ್ಯಾಟು, ಉಣ್ಣೆ ಟೋಪಿ, ಮತ್ತು ಮಲಗಲಿಕ್ಕೆಂದೇ ಒಣ ಬಟ್ಟೆ ಒಂದು ಜೊತೆ. ಈ ಕೊನೆಯದನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಇಡಿ, ರಾತ್ರಿವರೆಗೆ ಏನೇ ಆದರೂ ಬಿಚ್ಚಬೇಡಿ.

ತಿಂಡಿಗೆ ಚಿಪ್ಸು, ಚಾಕಲೇಟು ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಚೀಲದಲ್ಲಿ ಗೆಳೆಯನ ಅವ್ವ ಕೊಡುವ ಕಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ). ಕೆಡುವುದಿಲ್ಲ, ಭಾರವಿಲ್ಲ, ಬಾಯಿ ಒಣಗಿದಾಗ ಒಂದು ಸೌತೆಕಾಯಿ ಜೊತೆಗಿದ್ದರೆ ಊಟವೇ ಆಗುತ್ತದೆ. ರೊಟ್ಟಿಯನ್ನು ಬರೀ ಬಟ್ಟೆಯಲ್ಲಿ ಸುತ್ತಿ ಇಟ್ಟರೆ ಮೇಲೆ ತಲುಪುವಾಗ ರವೆ ಆಗಿರುತ್ತದೆ. ಅಗಲ ಸ್ಟೀಲ್ ಡಬ್ಬಿಯೇ ಬೇಕು.

ಶುಕ್ರವಾರ ರಾತ್ರಿ: ಲೋಕಲ್

ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ನಿನಿಂದ ಕಸಾರಾ ಸುಮಾರು 120 ಕಿಲೋಮೀಟರ್, ಲೋಕಲ್‌ನಲ್ಲಿ ಎರಡೂವರೆ ಗಂಟೆ. ಡೊಂಬಿವಲಿ, ಕಲ್ಯಾಣದವರಿಗೆ ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ರಾತ್ರಿಯ ಕೊನೆಯ ಕಸಾರಾ ಲೋಕಲ್ ಹಿಡಿಯಿರಿ. ಹೊತ್ತು ಬದಲಾಗುತ್ತಿರುತ್ತದೆ, ಮೊಬೈಲ್‌ನಲ್ಲಿ ಎಂ-ಇಂಡಿಕೇಟರ್ ಆ್ಯಪ್ ತೆರೆದು ಅಂದೇ ನೋಡಿಕೊಳ್ಳಿ. ಆ ಗಾಡಿಯಲ್ಲಿ ಚೀಲ ಹೊತ್ತ ಹುಡುಗರ ಗುಂಪು ಒಂದೆರಡಾದರೂ ಇರುತ್ತದೆ. ಕಲ್ಯಾಣ ದಾಟಿದ ಮೇಲೆ ಸೀಟು ಸಿಗುತ್ತದೆ. ನಾನು ಹೇಳಿದ ಉಪಾಯ ಇದೇ: ಕಸಾರಾ ಲೋಕಲ್ ಮಾರ್ಗದ ಕೊನೆಯ ಸ್ಟೇಷನ್. ಅಲ್ಲಿಂದ ಮುಂದೆ ಘಾಟು, ಲೋಕಲ್ ಹತ್ತುವುದಿಲ್ಲ. ಎಷ್ಟು ಗಾಢ ನಿದ್ದೆ ಹೋದರೂ ಊರು ತಪ್ಪುವುದಿಲ್ಲ. ಚೀಲದ ಪಟ್ಟಿ ಕಾಲಿಗೆ ಸುತ್ತಿಕೊಂಡು ಮಲಗಿಬಿಡಿ.

ಕಸಾರಾದಿಂದ ಬಾರಿಗೆ ಜೀಪು. ಘಾಟು ಹತ್ತಿ, ಇಗತ್‌ಪುರಿ ದಾಟಿ, ಘೋಟಿಯಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿದರೆ ಭಂಡಾರದರಾ ರಸ್ತೆ. ಒಂದೂವರೆಯಿಂದ ಎರಡು ಗಂಟೆ. ಮೂರು ಗಂಟೆ ರಾತ್ರಿಯಲ್ಲಿ ಸ್ಟೇಷನ್ ಹೊರಗೆ ನಿಂತು ಜೀಪು ಹುಡುಕಬೇಡಿ, ಹಿಂದಿನ ದಿನವೇ ಫೋನಿನಲ್ಲಿ ಹೇಳಿಡಿ. ಬಾರಿಯಲ್ಲಿ ಊಟ ಕೊಡುವ ಮನೆಯವರಿಗೆ ಹೇಳಿದರೆ ಜೀಪಿನವರನ್ನು ಅವರೇ ಗೊತ್ತು ಮಾಡಿಕೊಡುತ್ತಾರೆ. ಇಬ್ಬರಿಗೇ ಪೂರ್ತಿ ಜೀಪು ದುಬಾರಿ ಅನ್ನಿಸಿದರೆ ಲೋಕಲ್‌ನಲ್ಲಿ ಪಕ್ಕದ ಗುಂಪನ್ನು ಕೇಳಿ. "ಬಾರಿ?" ಎಂದರೆ ಸಾಕು. ನಾವು ಹಾಗೆ ಹೋದದ್ದೇ ಜಾಸ್ತಿ.

ಪುಣೆಯವರಿಗೆ ಈ ಲೋಕಲ್ ಕಥೆ ಬೇಕಿಲ್ಲ. ನಾಶಿಕ್ ಹೆದ್ದಾರಿಯಲ್ಲಿ ನಾರಾಯಣಗಾಂವ್, ಆಳೇಫಾಟಾ, ಸಂಗಮನೇರ್, ಅಲ್ಲಿಂದ ಅಕೋಲೆ, ರಾಜೂರು ಮಾರ್ಗವಾಗಿ ಶೇಂಡಿ. ಶೇಂಡಿ ಭಂಡಾರದರಾ ಅಣೆಕಟ್ಟಿನ ಪಕ್ಕದ ಊರು. ಅವರು ರಾತ್ರಿ ಗಾಡಿ ಓಡಿಸಿ ಬಂದು ನೇರ ಬೆಟ್ಟ ಹತ್ತಬಾರದು, ಅಷ್ಟೇ. ಓಡಿಸುವವನೂ ಮನುಷ್ಯನೇ. ಶುಕ್ರವಾರ ಸಂಜೆಯೇ ಬಂದು ಮಲಗಿಕೊಳ್ಳಲಿ.

ಶನಿವಾರ: ಹತ್ತುವುದು

ಬಾರಿ ತಲುಪುವಾಗ ಇನ್ನೂ ಕತ್ತಲು. ಕೂಡಲೇ ಹೊರಡುವ ಹುರುಪು ಬೇಡ. ಯಾವುದಾದರೂ ಮನೆಯ ಪಡಸಾಲೆಯಲ್ಲಿ ಚಹಾ ಕುಡಿದು, ಅರ್ಧ ಗಂಟೆ ಬೆನ್ನು ನೆಲಕ್ಕೆ ಹಚ್ಚಿ. ಮಧ್ಯಾಹ್ನಕ್ಕೆ ಪಿಠಲಾ ಭಾಕರಿ (ಕಡಲೆಹಿಟ್ಟಿನ ಗೊಜ್ಜು, ರೊಟ್ಟಿ) ಬೇಕೆಂದು ಆಗಲೇ ಹೇಳಿಡಿ. ಮನೆಯಾಕೆಯನ್ನು "ಮಾವಶಿ" ಎಂದರೆ ಆಯಿತು, ನಮ್ಮ ಚಿಕ್ಕಮ್ಮನ ಲೆಕ್ಕ. ಆರು ಗಂಟೆಯ ಹೊತ್ತಿಗೆ ಹೊರಟರೆ ಮೊದಲ ಏಣಿ ಸಿಗುವಾಗ ಬೆಳಕಾಗಿರುತ್ತದೆ. ಕತ್ತಲಲ್ಲಿ ಏಣಿ ಹತ್ತುವವರಿದ್ದಾರೆ, ನಾನು ಹತ್ತುವುದಿಲ್ಲ.

ಎಷ್ಟು ಹೊತ್ತು ಬೇಕು? ಬೆಟ್ಟ ಹತ್ತುವವರಲ್ಲಿ ಒಂದು ಹಳೆಯ ಲೆಕ್ಕವಿದೆ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬವರು ಹೇಳಿದ್ದು. ಮೀಟರಿಗೆ ತಂದರೆ ಸುಮಾರು ಹೀಗೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಕಳಸೂಬಾಯಿಗೆ ಕೂಡಿಸಿದರೆ ಎರಡೂಮುಕ್ಕಾಲು ಗಂಟೆ ಬರುತ್ತದೆ. ಅದು ಎಲ್ಲೂ ಕೂರದೆ ನಡೆಯುವ ಸ್ಕಾಟ್ಲೆಂಡಿನವರ ಲೆಕ್ಕ. ಲಿಂಬು ಸರಬತ್ತು ಕಂಡಲ್ಲೆಲ್ಲಾ ನಿಲ್ಲುವ ನಮಗೆ ಮೂರೂವರೆ.

ಮೊದಲ ಅರ್ಧ ಗಂಟೆ ಗದ್ದೆ, ಹೊಲದ ಬದು, ಒಂದು ಸಣ್ಣ ಗುಡಿ. ಇಲ್ಲಿ ಎಲ್ಲರೂ ಜೋರಾಗಿ ನಡೆಯುತ್ತಾರೆ. ಇಲ್ಲೇ ಎಡವುವುದು. ಮಾತಾಡುತ್ತಾ ನಡೆಯಲು ಆಗುವಷ್ಟು ವೇಗ ಇರಲಿ. ಮಾತು ನಡುವೆ ತುಂಡಾಗುತ್ತಿದ್ದರೆ ವೇಗ ಜಾಸ್ತಿ ಆಯಿತು ಎಂದರ್ಥ. ನೀರು ಬಾಯಾರುವವರೆಗೆ ಕಾಯದೆ ಇಪ್ಪತ್ತು ನಿಮಿಷಕ್ಕೆ ಎರಡು ಗುಟುಕು.

ಆಮೇಲೆ ಬಂಡೆಯ ಏರು, ಕೆತ್ತಿದ ಮೆಟ್ಟಿಲು, ಕಂಬಿ ಹಾಕಿದ ಜಾಗಗಳು, ನಡುನಡುವೆ ಕಬ್ಬಿಣದ ಏಣಿಗಳು. ಏಣಿ ಗಟ್ಟಿಯಾಗಿವೆ, ಹೆದರುವಂಥದ್ದಲ್ಲ. ಆದರೆ ಕ್ರಮ ಬೇಕು. ಕೈಯಲ್ಲಿ ಕೋಲು, ಬಾಟಲಿ, ಮೊಬೈಲು ಯಾವುದೂ ಇರಬಾರದು. ಚೀಲದ ಪಟ್ಟಿ ಬಿಗಿಯಾಗಿರಲಿ, ಪಕ್ಕಕ್ಕೆ ತೂಗುವ ಚೀಲ ಬೇಡ. ಮೇಲಿನವರು ದಾಟುವವರೆಗೆ ಏಣಿಯ ನೇರ ಕೆಳಗೆ ನಿಲ್ಲಬೇಡಿ, ಕಲ್ಲು ಉರುಳುತ್ತದೆ. ಇಳಿಯುವಾಗ ಮುಖ ಏಣಿ ಕಡೆಗೇ ಇರಬೇಕು. ಮನೆಯ ಮೆಟ್ಟಿಲು ಇಳಿದ ಹಾಗೆ ಮುಂದೆ ಮುಖ ಮಾಡಿ ಇಳಿಯುವ ಶೂರರನ್ನು ಪ್ರತಿ ಸಲ ನೋಡುತ್ತೇನೆ. ಹಿಮ್ಮಡಿ ಜಾರಿದರೆ ಹಿಡಿಯಲು ಕೈಗೆ ಏನೂ ಸಿಗುವುದಿಲ್ಲ.

"ಲೇ ದೋಸ್ತ, ಇನ್ನ ಎಷ್ಟ್ ಐತಿ?" ಎಂದು ಗೆಳೆಯ ಕೇಳುವುದು ಸರಿಯಾಗಿ ಕೊನೆಯ ಏಣಿಗಿಂತ ಮೊದಲು, ಬಾವಿಯ ಹತ್ತಿರ. "ಇಲ್ಲೇ ಮಾರಾಯ, ಬಂತು" ಎನ್ನುತ್ತೇನೆ. ಆ ಜಾಗದಲ್ಲಿ ಅದು ನಿಜ. ಉಳಿದ ಕಡೆ ಹೇಳಿದ್ದು ಸುಳ್ಳು.

ತುದಿಯಲ್ಲಿ ಕಳಸೂಬಾಯಿಯ ಸಣ್ಣ ಗುಡಿ. ಊರವರು ಹೇಳುವ ಕಥೆ ನನಗೆ ತುಂಬಾ ಇಷ್ಟ. ಈಕೆ ಕೋಲಿ ಎಂಬ ಸಮುದಾಯದ ಹುಡುಗಿ. ಒಬ್ಬರ ಮನೆಗೆ ಕೆಲಸಕ್ಕೆ ಸೇರುವಾಗಲೇ ಷರತ್ತು ಹಾಕಿದಳಂತೆ: ಕಸ ಗುಡಿಸುವುದಿಲ್ಲ, ಮುಸುರೆ ಪಾತ್ರೆ ತಿಕ್ಕುವುದಿಲ್ಲ. ಒಂದು ದಿನ ಅದನ್ನೇ ಮಾಡಿಸಿದರು. ಸಿಟ್ಟಾಗಿ ಬೆಟ್ಟ ಹತ್ತಿದವಳು ಮತ್ತೆ ಇಳಿಯಲೇ ಇಲ್ಲ. ಕಸ ಮುಟ್ಟುವುದಿಲ್ಲ ಎಂದವಳ ಅಂಗಳದಲ್ಲಿ ಈಗ ಬಾಟಲಿ, ಗುಟ್ಕಾ ಚೀಟಿ. ನಿಮ್ಮ ಕಸ ನಿಮ್ಮ ಚೀಲದಲ್ಲೇ ಇಳಿಯಲಿ. ಕಿತ್ತಳೆ ಸಿಪ್ಪೆಯೂ ಸೇರಿ.

ಎತ್ತರ ಸಾವಿರ ಮೀಟರ್ ಏರಿದರೆ ಆರೂವರೆ ಡಿಗ್ರಿಯಷ್ಟು ತಂಪಾಗುತ್ತದೆ. ಅಂದರೆ ಇಲ್ಲಿ ಬಾರಿಗಿಂತ ಐದಾರು ಡಿಗ್ರಿ ಕಡಿಮೆ, ಮೇಲಿಂದ ಗಾಳಿ. ಬೆವರು ಆರುವ ಮೊದಲು ಜಾಕೆಟ್ ಹಾಕಿ, ಆಮೇಲೆ ಫೋಟೊ. ಅಲಂಗ್, ಮದನ್, ಕುಲಂಗ್ ಕೋಟೆಗಳು ಒಂದು ಕಡೆ, ದೂರದಲ್ಲಿ ಹರಿಶ್ಚಂದ್ರಗಡ, ಕೆಳಗೆ ಭಂಡಾರದರಾದ ನೀರು ಕೈಕನ್ನಡಿಯಷ್ಟು. ರಾತ್ರಿ ಮಲಗುವ ಜಾಗ ಅದೇ.

ಇಳಿಯುವುದು

ಹತ್ತುವುದಕ್ಕೆ ಬೇಕಾದದ್ದು ಉಸಿರು, ಇಳಿಯುವುದಕ್ಕೆ ಮಂಡಿ. ಹೆಚ್ಚಿನವರು ಬೀಳುವುದು ಇಳಿಯುವಾಗ, ಅದೂ ಕೊನೆಯ ಒಂದು ಗಂಟೆಯಲ್ಲಿ, ಕಣ್ಣಿಗೆ ಊರು ಕಾಣತೊಡಗಿದ ಮೇಲೆ. ನೆಲ ಒಣಗಿದ್ದಾಗ ಸಣ್ಣ ಜಲ್ಲಿ ಗೋಲಿಗಳ ಹಾಗೆ ಉರುಳುತ್ತದೆ. ಹೆಜ್ಜೆ ಚಿಕ್ಕದು, ಮಂಡಿ ಸ್ವಲ್ಪ ಬಾಗಿದ್ದು, ಪಾದ ಪೂರ್ತಿ ನೆಲಕ್ಕೆ. ಲೇಸನ್ನು ಕಣಕಾಲ ಹತ್ತಿರ ಇನ್ನೊಂದು ಸಲ ಬಿಗಿ ಮಾಡಿಕೊಳ್ಳಿ, ಪಾದ ಶೂ ಒಳಗೆ ಮುಂದಕ್ಕೆ ಜಾರುವುದಿಲ್ಲ. ಕಾಲಲ್ಲಿ ಎಲ್ಲಾದರೂ ಬಿಸಿ ಬಿಸಿ ಅನ್ನಿಸಿದರೆ ಅಲ್ಲೇ ಕೂತು ಟೇಪು ಹಚ್ಚಿ. ಗುಳ್ಳೆ ಎದ್ದ ಮೇಲೆ ಹಚ್ಚುವ ಟೇಪಿನಿಂದ ಪ್ರಯೋಜನ ಕಡಿಮೆ.

ಒಂದು ಗಂಟೆಯ ಹೊತ್ತಿಗೆ ಕೆಳಗೆ. ಮಾವಶಿಯ ಪಿಠಲಾ ನೋಡಿ ನಮ್ಮವನ ಕಣ್ಣು ಅರಳಿತು. ಅವನ ಮನೆಯ ಜುಣಕದ ಖಾಸಾ ತಮ್ಮ ಅದು, ಸ್ವಲ್ಪ ತೆಳ್ಳಗೆ. ಭಾಕರಿ ಜೋಳದ್ದಲ್ಲ, ಅಕ್ಕಿಯದ್ದು ಅಥವಾ ನಾಚಣಿಯದ್ದು. ನಾಚಣಿ ಎಂದರೆ ರಾಗಿ. ಆ ಹಸಿವಿಗೆ ನನಗೆ ಎಲ್ಲವೂ ಒಂದೇ.

ನೀರಿನ ದಂಡೆಯಲ್ಲಿ

ಬಾರಿಯಿಂದ ಶೇಂಡಿಗೆ ಜೀಪಿನಲ್ಲಿ ಅರ್ಧ ಗಂಟೆಯೂ ಬೇಡ. ನಾವು ಕೆರೆ ಎನ್ನುತ್ತೇವೆ, ಆದರೆ ಇದು ಪ್ರವರಾ ನದಿಗೆ ಕಟ್ಟಿದ ವಿಲ್ಸನ್ ಅಣೆಕಟ್ಟಿನ ಹಿನ್ನೀರು. 1910ರಲ್ಲಿ ಶುರುವಾದ ಕೆಲಸ 1926ರಲ್ಲಿ ಮುಗಿಯಿತು, ಆಗ ಮುಂಬೈ ಪ್ರಾಂತ್ಯದ ಗವರ್ನರ್ ಆಗಿದ್ದ ಲೆಸ್ಲಿ ವಿಲ್ಸನ್ ಹೆಸರು ಬಂತು. ನೀರಿಗೆ ಆರ್ಥರ್ ಲೇಕ್ ಎಂಬ ಹೆಸರೂ ಇದೆ. ಈ ನೀರು ಗೋದಾವರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ನಾವು ಲೋಕಲ್‌ನಲ್ಲಿ ಬಂದ ಕಸಾರಾ ಕಡೆಯ ಮಳೆ ಅರಬ್ಬಿ ಸಮುದ್ರಕ್ಕೆ.

ಇದು ಅಣೆಕಟ್ಟಿನ ನೀರು ಎಂಬುದನ್ನು ನೆನಪಿಟ್ಟುಕೊಳ್ಳಲು ಕಾರಣವಿದೆ. ಮಟ್ಟ ಏರಿಳಿಯುತ್ತದೆ. ದಂಡೆ ಮೆಲ್ಲಗೆ ಇಳಿಯುವ ಹಾಗೆ ಕಂಡರೂ ನಾಲ್ಕು ಹೆಜ್ಜೆಗೆ ಧುಡುಮ್ಮನೆ ಆಳ ಬರಬಹುದು, ಕೆಳಗೆ ಕೆಸರು. ಊರ ಹೊಳೆಯಲ್ಲಿ ಈಜು ಕಲಿತವ ನಾನು, ಆದರೂ ಇಲ್ಲಿ ಮೊಣಕಾಲಿಗಿಂತ ಆಳಕ್ಕೆ ಇಳಿಯುವುದಿಲ್ಲ. ಕುಡಿದವರು ನೀರಿನ ಹತ್ತಿರ ಸುಳಿಯಲೇಬಾರದು. ಲೈಫ್ ಜಾಕೆಟ್ ಇಲ್ಲದ ದೋಣಿಗೂ ಹತ್ತಬೇಡಿ.

ದಂಡೆಯುದ್ದಕ್ಕೂ ಊರವರೇ ನಡೆಸುವ ಕ್ಯಾಂಪುಗಳಿವೆ. ಟೆಂಟ್, ಹಾಸಿಗೆ, ರಾತ್ರಿ ಊಟ, ಬೆಳಗ್ಗೆ ಪೋಹೆ ಎಲ್ಲ ಸೇರಿಸಿ ಒಬ್ಬರಿಗೆ ಇಷ್ಟು ಎಂದು ಹೇಳುತ್ತಾರೆ. ಮೊದಲ ಸಲ ಹೋಗುವವರು ಇದನ್ನೇ ಮಾಡಿ. ಸ್ವಂತ ಟೆಂಟ್ ಇದ್ದರೂ ಇಂಥ ಕಡೆ ಜಾಗಕ್ಕೆ ದುಡ್ಡು ಕೊಟ್ಟು ಹಾಕುವುದು ಒಳ್ಳೆಯದು. ಸುತ್ತ ಕಳಸೂಬಾಯಿ–ಹರಿಶ್ಚಂದ್ರಗಡ ಅಭಯಾರಣ್ಯ, ಕಂಡ ಕಂಡಲ್ಲಿ ಗೂಟ ಹೊಡೆಯುವ ಹಾಗಿಲ್ಲ. ಗೊತ್ತು ಮಾಡುವಾಗ ಮೂರು ಪ್ರಶ್ನೆ ಕೇಳಿ: ಶೌಚಾಲಯ ಇದೆಯಾ, ರಾತ್ರಿ ಎಷ್ಟು ಗಂಟೆಗೆ ಹಾಡು ನಿಲ್ಲಿಸುತ್ತೀರಿ, ಟೆಂಟ್ ನೀರಿನಿಂದ ಎಷ್ಟು ದೂರ. ಎರಡನೆಯದಕ್ಕೆ "ನೀವು ಹೇಳಿದಷ್ಟು ಹೊತ್ತು" ಎಂಬ ಉತ್ತರ ಬಂದರೆ ಬೇರೆ ಕಡೆ ಕೇಳಿ.

ಟೆಂಟ್ ಹಾಕುವ ಕೆಲಸ ನಾಲ್ಕು ಗಂಟೆಗೇ ಮುಗಿಸಿ. ನಾವು ಒಮ್ಮೆ ಸೂರ್ಯಾಸ್ತ ನೋಡಿ ಆಮೇಲೆ ಹಾಕೋಣ ಎಂದು ಕೂತೆವು. ಕತ್ತಲಲ್ಲಿ ಸಮತಟ್ಟಾಗಿ ಕಂಡದ್ದು ಬೋಗುಣಿಯಂಥ ತಗ್ಗು. ರಾತ್ರಿ ತಣ್ಣನೆ ಗಾಳಿಯೆಲ್ಲ ಇಳಿದು ಬಂದು ಅಲ್ಲೇ ಕೂತಿತು, ನಾವೂ ಅಲ್ಲೇ ಕೂತೆವು. ಮಲಗಲು ಆಗಲಿಲ್ಲ. ಹಾಗಾಗಿ ತಗ್ಗು ಬೇಡ, ನೀರಿನ ಅಂಚೂ ಬೇಡ. ದಂಡೆಯಿಂದ ನೂರು ಹೆಜ್ಜೆ ಹಿಂದೆ, ಸ್ವಲ್ಪ ಎತ್ತರದಲ್ಲಿ. ಮೊದಲು ಕಲ್ಲು ಹೆಕ್ಕಿ, ಟೆಂಟ್ ಹರಡುವ ಮುಂಚೆ ಆ ನೆಲದ ಮೇಲೆ ನೀವೇ ಒಮ್ಮೆ ಮಲಗಿ ನೋಡಿ. ತಲೆ ಯಾವ ಕಡೆ ಇರಬೇಕೆಂದು ಬೆನ್ನೇ ಹೇಳುತ್ತದೆ. ಬಾಗಿಲು ಗಾಳಿಗೆ ಬೆನ್ನು ಮಾಡಿರಲಿ. ಗೂಟದ ತಲೆ ಟೆಂಟ್‌ನಿಂದ ಹೊರಕ್ಕೆ ವಾಲಿರಬೇಕು, ನೇರ ಹೊಡೆದ ಗೂಟ ಗಾಳಿಗೆ ಕಿತ್ತು ಬರುತ್ತದೆ.

ಡಿಸೆಂಬರ್, ಜನವರಿಯಲ್ಲಿ ಇಲ್ಲಿ ರಾತ್ರಿ 10 ಡಿಗ್ರಿಯ ಆಸುಪಾಸು, ಕೆಲವು ರಾತ್ರಿ ಅದಕ್ಕೂ ಕೆಳಗೆ. ಡೊಂಬಿವಲಿಯಲ್ಲಿ ವರ್ಷವಿಡೀ ಫ್ಯಾನು ಹಾಕುವ ನಮಗೆ ಅದು ಹಿಮಾಲಯವೇ. ಚಳಿ ಮೇಲಿಂದ ಬರುತ್ತದೆ ಎಂದು ಎರಡು ಕಂಬಳಿ ಹೊದೆಯುತ್ತೇವೆ. ನಿಜವಾಗಿ ಬರುವುದು ಕೆಳಗಿಂದ. ಮೈಭಾರಕ್ಕೆ ಸ್ಲೀಪಿಂಗ್ ಬ್ಯಾಗಿನೊಳಗೆ ತುಂಬಿದ್ದು ಒತ್ತಿ ಚಪ್ಪಟೆಯಾಗುತ್ತದೆ, ನೆಲ ಮೈಯ ಬಿಸಿಯನ್ನು ಹೀರುತ್ತಾ ಹೋಗುತ್ತದೆ. ಒಂದು ಮ್ಯಾಟು ಕೆಳಗಿದ್ದರೆ ಎರಡು ಕಂಬಳಿ ಮೇಲಿದ್ದ ಹಾಗೆ. ಆ ಗಂಟು ಕಟ್ಟಿದ ಒಣ ಬಟ್ಟೆಯನ್ನು ಈಗ ಬಿಚ್ಚಿ. ಒಳಗಿನ ಬನಿಯನ್‌ನಿಂದ ಕಾಲುಚೀಲದವರೆಗೆ ಎಲ್ಲ ಬದಲಿಸಿ. ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಬಿಗಿ ಮಾಡಿ, ಕಾಲುಚೀಲದೊಳಗೆ ತೂರಿಸಿ ಕಾಲ ಬುಡದಲ್ಲಿಟ್ಟುಕೊಂಡರೆ ಬೆಳಗಿನ ಜಾವದವರೆಗೆ ಸುಖ.

ಚಳಿ ಎಂದು ಟೆಂಟ್‌ನ ಜಾಲರಿ ಕಿಟಕಿ ಪೂರ್ತಿ ಮುಚ್ಚಬೇಡಿ. ಇಬ್ಬರ ಉಸಿರಿನ ತೇವ ಒಳಗೋಡೆಯಲ್ಲಿ ನೀರಾಗಿ, ನಡುರಾತ್ರಿ ಮೂಗಿನ ಮೇಲೆ ತೊಟ್ಟಿಕ್ಕುತ್ತದೆ. ಇನ್ನೊಂದು ಮಾತು, ಇದರಲ್ಲಿ ತಮಾಷೆ ಇಲ್ಲ. ಬಾರ್ಬೆಕ್ಯೂ ಮಾಡಿದ ಇದ್ದಿಲ ಶಿಗಡಿಯನ್ನು ಬಿಸಿಗೆಂದು ಟೆಂಟ್ ಒಳಗೆ ತರಬೇಡಿ. ಗ್ಯಾಸ್ ಒಲೆಯನ್ನೂ ತರಬೇಡಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಮಲಗಿದವರು ಮಲಗಿದ ಹಾಗೆಯೇ ಸಾಯುತ್ತಾರೆ.

ಶೂ ಟೆಂಟ್ ಒಳಗೇ ಇಡಿ, ಬೆಳಗ್ಗೆ ತಲೆಕೆಳಗೆ ಮಾಡಿ ಕೊಡವಿ ಹಾಕಿ. ಚೇಳು, ಹಾವಿನ ಮರಿ ಬೆಚ್ಚಗಿನ ಜಾಗ ಹುಡುಕುತ್ತವೆ. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಬೇಡ. ಕಾಲು ಅಲ್ಲಾಡಿಸದೆ, ಕ್ಯಾಂಪಿನವರ ಗಾಡಿಯಲ್ಲಿ ಆಸ್ಪತ್ರೆಗೆ. ಆಂಬುಲೆನ್ಸಿಗೆ 108. ಎಲ್ಲ ಕಡೆ ನೆಟ್‌ವರ್ಕ್ ಸಿಗುವುದಿಲ್ಲ, ಹಾಗಾಗಿ ಯಾವ ಊರು, ಯಾವ ಕ್ಯಾಂಪು, ಎಷ್ಟಕ್ಕೆ ವಾಪಸು ಎಂದು ಶುಕ್ರವಾರವೇ ಮನೆಯಲ್ಲಿ ಬರೆದಿಡಿ.

ಹತ್ತು ಗಂಟೆಯ ಮೇಲೆ ಪಕ್ಕದ ಕ್ಯಾಂಪಿನ ಹಾಡೂ ನಿಂತಿತು. ಆಚೆ ದಂಡೆಯ ಊರಿನ ನಾಲ್ಕು ದೀಪ ನೀರಲ್ಲಿ ಉದ್ದವಾಗಿ ಬಿದ್ದಿದ್ದವು. ಉಳಿದ ರೊಟ್ಟಿ ಚೂರನ್ನು ಹಿಂಡಿಯಲ್ಲಿ ಅದ್ದಿ ತಿನ್ನುತ್ತಾ ನಮ್ಮವ, "ಕಾಲ್ ಸತ್ತಾವು, ಆದ್ರ ನಿದ್ದಿ ಮಸ್ತ್ ಬರ್ತೈತಿ" ಎಂದ. ಎಂಟು ನಿಮಿಷಕ್ಕೆ ಗೊರಕೆ.

ಭಾನುವಾರ

ಗಡಿಬಿಡಿ ಇಲ್ಲ. ಸಮಯವಿದ್ದರೆ ನೀರಿನ ಪಕ್ಕದ ರಸ್ತೆಯಲ್ಲೇ ರತನ್‌ವಾಡಿಗೆ ಹೋಗಿ ಅಮೃತೇಶ್ವರ ಗುಡಿ ನೋಡಿ. ಶಿಲಾಹಾರರ ಕಾಲದ್ದು ಎನ್ನುತ್ತಾರೆ. ಕಂಬಗಳ ಕೆತ್ತನೆ ನೋಡಿದರೆ ನಮ್ಮ ಕಡೆಯ ಹಳೆ ಗುಡಿಗಳ ನೆನಪಾಗುತ್ತದೆ. ಪಕ್ಕದ ಪುಷ್ಕರಣಿ ಮರೆಯಬೇಡಿ. ರಂಧಾ ಜಲಪಾತಕ್ಕೆ ಚಳಿಗಾಲದಲ್ಲಿ ಸುಮ್ನೆ ಹೋಗಬೇಡಿ, ಅಣೆಕಟ್ಟಿನಿಂದ ನೀರು ಬಿಟ್ಟಿದ್ದರೆ ಮಾತ್ರ ಅಲ್ಲಿ ನೋಡಲು ಏನಾದರೂ ಇರುತ್ತದೆ.

ಹೊರಡುವ ಮೊದಲು ಭಾನುವಾರದ ಮೆಗಾ ಬ್ಲಾಕ್ (ಹಳಿ ದುರಸ್ತಿಗೆ ಲೋಕಲ್ ನಿಲ್ಲಿಸುವುದು) ಎಲ್ಲಿಂದ ಎಲ್ಲಿಗೆ ಎಂದು ನೋಡಿಕೊಳ್ಳಿ. ಮೂರು ಗಂಟೆಯೊಳಗೆ ಶೇಂಡಿ ಬಿಟ್ಟರೆ ಕಸಾರಾದಲ್ಲಿ ಸಂಜೆಯ ಲೋಕಲ್ ಆರಾಮಾಗಿ ಸಿಗುತ್ತದೆ. ಗಾಡಿ ಅಲ್ಲಿಂದಲೇ ಹೊರಡುವುದರಿಂದ ಕಿಟಕಿ ಪಕ್ಕದ ಸೀಟು ಖಂಡಿತ.

ಮನೆಗೆ ಬಂದು ಚೀಲ ಮೂಲೆಗೆ ಎಸೆಯಬೇಡಿ. ಟೆಂಟ್ ಒಣಗಿದ ಹಾಗೆ ಕಂಡರೂ ಅಡಿಭಾಗದಲ್ಲಿ ಇಬ್ಬನಿ ಇರುತ್ತದೆ, ಮಡಚಿಟ್ಟರೆ ನಮ್ಮ ಹವೆಯಲ್ಲಿ ವಾರದೊಳಗೆ ಬೂಷ್ಟು. ಬಾಲ್ಕನಿಯ ಹಗ್ಗಕ್ಕೆ ಅಡ್ಡ ಹಾಕಿ ಎರಡು ದಿನ ಬಿಡಿ. ಸ್ಲೀಪಿಂಗ್ ಬ್ಯಾಗನ್ನು ಅದರ ಚೀಲಕ್ಕೆ ತುರುಕದೆ ಸಡಿಲವಾಗಿ ತೂಗುಹಾಕಿ. ಶೂ ಒಳಗೆ ಹಳೆ ಪೇಪರ್ ತುಂಬಿ, ಅಟ್ಟಕ್ಕೆ ಕಳಿಸದೆ, ಬಾಗಿಲ ಬಳಿ ಕಣ್ಣಿಗೆ ಬೀಳುವ ಹಾಗೆ ಇಡಿ.